250 ಸಾಕೇ, 300 ಬೇಕೇ?

ದೀಪಾವಳಿ ಬೋನಸ್ಸು ಕೈಗೆ ಬಂದ ಹೊತ್ತೋ, ಮಳೆ ಹಿಂದೆಗೆದು ಕೆರೆಗಳಿಗೆ ಹಕ್ಕಿ ಇಳಿಯುವ ಹೊತ್ತೋ, ಅಂತೂ ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಟೆಲಿಫೋಟೊ ಜೂಮ್ ಲೆನ್ಸಿನವು. ಎಲ್ಲರದೂ ಹೆಚ್ಚುಕಡಿಮೆ ಒಂದೇ ಮಾತು: ಕ್ಯಾಮೆರಾ ಜತೆ ಬಂದ ಕಿಟ್ ಲೆನ್ಸಿನಲ್ಲಿ ಹಕ್ಕಿ ಚುಕ್ಕಿಯಾಗಿ ಬರುತ್ತದೆ, ಕೈಯಲ್ಲಿ ದುಡ್ಡು ಹೆಚ್ಚಿಲ್ಲ, ಯಾವುದು ಕೊಳ್ಳಲಿ? ಹಾಗಾಗಿ ಈ ಸಲದ ಪುಟಗಳನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ ಕ್ಯಾನನ್ 1500ಡಿ ಇದೆ, ಅದರ ಜತೆ ಬಂದ 18-55 ಲೆನ್ಸ್ ಇದೆ. ಕೊಕ್ಕರೆಬೆಳ್ಳೂರು ನಮಗೆ ಹತ್ತಿರ, ರಂಗನತಿಟ್ಟಿಗೂ ಹೋಗುತ್ತಿರುತ್ತೇನೆ. ಇಪ್ಪತ್ತು ಸಾವಿರದೊಳಗೆ ಒಂದು ಲೆನ್ಸ್ ಬೇಕು. ಅಂಗಡಿಯವರು 75-300 ತಗೊಳ್ಳಿ, 300 ಅಂದರೆ ದೂರ ಸಿಗುತ್ತೆ ಅನ್ನುತ್ತಾರೆ. ಗೆಳೆಯ 55-250 ಅನ್ನುತ್ತಾನೆ. ಯಾರ ಮಾತು ಕೇಳಲಿ? — ಮದ್ದೂರು

ಗೆಳೆಯನ ಮಾತು ಕೇಳಿ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದಿನ ಪ್ರಶ್ನೆಗಳಿಗೂ ಅದೇ ಲೆಕ್ಕ ಬೇಕಾಗುತ್ತದೆ.

ನಿಮ್ಮ ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕದ, ಅಂದರೆ ಸೆನ್ಸರಿನ, ಅಗಲ ಸುಮಾರು 22.3 ಎಂಎಂ. ಹಕ್ಕಿ ಎಷ್ಟು ಮೀಟರ್ ದೂರದಲ್ಲಿದೆಯೋ ಅದನ್ನು 22.3ರಿಂದ ಗುಣಿಸಿ, ಲೆನ್ಸಿನ ಎಂಎಂನಿಂದ (ಅದರ ಹೆಸರಿನಲ್ಲಿರುವ 250, 300 ಇವೇ) ಭಾಗಿಸಿ. ಬಂದ ಉತ್ತರವೇ ಆ ದೂರದಲ್ಲಿ ನಿಮ್ಮ ಚೌಕಟ್ಟಿನೊಳಗೆ ಹಿಡಿಸುವ ಅಗಲ, ಮೀಟರ್ ಲೆಕ್ಕದಲ್ಲಿ. ಹಕ್ಕಿ 12 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. 250 ಎಂಎಂನಲ್ಲಿ ಚೌಕಟ್ಟು 107 ಸೆಂಟಿಮೀಟರ್ ಅಗಲ ಹಿಡಿಯುತ್ತದೆ. 300ರಲ್ಲಿ 89 ಸೆಂಟಿಮೀಟರ್. ವ್ಯತ್ಯಾಸ 18 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಅಂಗಡಿಯವರು ಹೇಳುವ 'ದೂರ' ಅಂದರೆ ಇಷ್ಟೇ.

ಆ ಗೇಣಿಗಾಗಿ ನೀವು ಬಿಟ್ಟುಕೊಡುವುದು ಮಾತ್ರ ಬಹಳ. ಕ್ಯಾನನ್‌ನ 75-300ರಲ್ಲಿ ಕೈನಡುಕ ತಡೆಯುವ ವ್ಯವಸ್ಥೆ, ಐಎಸ್ ಅನ್ನುತ್ತಾರಲ್ಲ, ಅದಿಲ್ಲ. ಫೋಕಸ್ ಮೋಟಾರು ನಿಧಾನ. ಅದಕ್ಕಿಂತ ಹೆಚ್ಚಾಗಿ, ಯಾವ 300ಕ್ಕಾಗಿ ದುಡ್ಡು ಕೊಡುತ್ತೀರೋ ಆ 300ರ ತುದಿಯಲ್ಲೇ ಚಿತ್ರ ಮೆತ್ತಗಾಗುತ್ತದೆ, ಗರಿಯ ಎಳೆ ಎಳೆ ಬಿಡಿಸಿ ಕಾಣುವುದಿಲ್ಲ. 55-250 ಐಎಸ್ ಎಸ್‌ಟಿಎಂ ತೂಕದಲ್ಲಿ 375 ಗ್ರಾಂ, ತುದಿಯವರೆಗೂ ಹರಿತ, ಫೋಕಸ್ ಸದ್ದಿಲ್ಲದೆ ಕೂರುತ್ತದೆ. 85 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗಬಹುದು, ಅಂದರೆ ಚಿಟ್ಟೆಗೂ ಆಯಿತು. ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರಗಳನ್ನು ಓದಿ. 'ಐಎಸ್ II' ಅಂತಿದ್ದರೆ ಅದು ಹಳೆಯ ಮಾದರಿ, 'ಐಎಸ್ ಎಸ್‌ಟಿಎಂ' ಅಂತಿದ್ದರೆ 2013ರಲ್ಲಿ ಬಂದದ್ದು. ಎರಡನೆಯದು ಬೇಕು. ಅದರಲ್ಲಿ ಫೋಕಸ್ ಮಾಡುವಾಗ ಮುಂದಿನ ಗಾಜು ತಿರುಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಧೈರ್ಯವಾಗಿ ನೋಡಿ, ನಿಮ್ಮ ಇಪ್ಪತ್ತು ಸಾವಿರದಲ್ಲಿ ಉಳಿದದ್ದನ್ನು ರಂಗನತಿಟ್ಟಿನ ದೋಣಿಗೆ ಕೊಡಿ.

ಈಗ ಅದೇ ಲೆಕ್ಕ ನಿಮ್ಮೂರಿಗೆ ಹಾಕೋಣ. ಬಣ್ಣದ ಕೊಕ್ಕರೆ ನಿಂತರೆ ಸುಮಾರು ಒಂದು ಮೀಟರ್ ಎತ್ತರ. 12 ಮೀಟರ್ ದೂರದಿಂದ, ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ಹಿಡಿದರೆ, 250ರಲ್ಲೇ ತಲೆಯಿಂದ ಕಾಲಿನವರೆಗೆ ಚೌಕಟ್ಟು ತುಂಬಿಹೋಗುತ್ತದೆ. ರೆಕ್ಕೆ ಬಿಚ್ಚಿತೋ, 250 ಹೆಚ್ಚಾಯಿತು! ಕೊಕ್ಕಿನಲ್ಲಿ ಕಡ್ಡಿ ಹಿಡಿದು ಗೂಡಿಗೆ ಇಳಿಯುವ ಕೊಕ್ಕರೆಯನ್ನು ಹಿಡಿಯಬೇಕಾದರೆ 150ಕ್ಕೆ ಹಿಂದೆ ಬರಬೇಕು. ಮೊದಲ ಸಲ ದೋಣಿ ಹತ್ತಿದವರೆಲ್ಲ ಲೆನ್ಸನ್ನು ಪೂರ್ತಿ ಎಳೆದು ಕೂತಿರುತ್ತಾರೆ, ಹಕ್ಕಿ ಹಾರಿದಾಗ ರೆಕ್ಕೆಯ ತುದಿ ಕತ್ತರಿಸಿಹೋಗಿರುತ್ತದೆ. ದೋಣಿ ತೂಗಾಡುವುದರಿಂದ ಐಎಸ್ ಇದ್ದರೂ ಶಟರ್ ವೇಗ 1/800 ಸೆಕೆಂಡಿಗಿಂತ ನಿಧಾನ ಮಾಡಬೇಡಿ.

ಕೊಕ್ಕರೆಬೆಳ್ಳೂರಿನ ಪಾಡು ಬೇರೆ. ಅಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರದ ಮೇಲೆ, ಮನೆಯ ಹೆಂಚಿನ ನೆತ್ತಿಗೇ ಅನ್ನುವಂತೆ ಗೂಡು ಕಟ್ಟುತ್ತವೆ. ದೂರ ಅಲ್ಲಿ ತೊಂದರೆಯೇ ಅಲ್ಲ, ತೊಂದರೆ ಇರುವುದು ಬೆಳಕಿನದು. ಕೆಳಗಿನಿಂದ ತೆಗೆದರೆ ಹಿಂದೆ ಬಿಳಿ ಆಕಾಶ, ಹಕ್ಕಿ ಕಪ್ಪು ಗೊಂಬೆಯಾಗುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ ಒಂದು ಸ್ಟಾಪ್ ಮೇಲೇರಿಸಿ, ಅಂದರೆ ಬೆಳಕು ದುಪ್ಪಟ್ಟಾಗುವಷ್ಟು. ಬೆಳಗಿನ ಬಿಸಿಲು ಬೆನ್ನ ಹಿಂದಿರುವ ಬೀದಿ ಯಾವುದು ಅಂತ ಒಂದು ಸಲ ಬರಿಗೈಯಲ್ಲಿ ಸುತ್ತಿ ನೋಡಿಕೊಂಡು ಬನ್ನಿ. ನೂರು ಎಂಎಂ ಹೆಚ್ಚಿಗೆ ಕೊಂಡುದಕ್ಕಿಂತ ಆ ಸುತ್ತಾಟ ಹೆಚ್ಚು ಕೊಡುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ.

ಸಣ್ಣ ಹಕ್ಕಿಗೆ 250 ಸಾಲದು ಅನ್ನುವುದೂ ನಿಜ. ಕಿರು ಮಿಂಚುಳ್ಳಿಯ ಉದ್ದ 16 ಸೆಂಟಿಮೀಟರಿನಷ್ಟು. 12 ಮೀಟರಿನಿಂದ ತೆಗೆದರೆ ಚೌಕಟ್ಟಿನ ಏಳನೇ ಒಂದು ಪಾಲು. ನಿಮ್ಮ ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದು, ಚಿತ್ರದ ಅಗಲ 6000 ಪಿಕ್ಸೆಲ್. ಅದರಲ್ಲಿ ಮಿಂಚುಳ್ಳಿಗೆ ಸಿಗುವುದು 900ರಷ್ಟು. ಮೊಬೈಲ್ ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ, ಗೋಡೆಗೆ ಹಾಕಲು ಬರುವುದಿಲ್ಲ. ಗೋಡೆಗೆ ಬೇಕಾದರೆ ಆರು ಮೀಟರಿಗೆ ಹೋಗಬೇಕು. ಹಕ್ಕಿ ಕೂರುವ ಕೊಂಬೆ ಗುರುತಿಟ್ಟುಕೊಂಡು, ಅದು ಬರುವ ಮುಂಚೆಯೇ ಹೋಗಿ ಕೂತು ಕಾಯುವುದೊಂದೇ ದಾರಿ. ಮಿಂಚುಳ್ಳಿ ಒಂದೇ ಕೊಂಬೆಗೆ ಮತ್ತೆ ಮತ್ತೆ ಬರುವ ಹಕ್ಕಿ, ಕಾದವರಿಗೆ ಮೋಸ ಮಾಡುವುದಿಲ್ಲ.

ಪ್ರಶ್ನೆ: ಅಣ್ಣ ಕೊಟ್ಟ ನಿಕಾನ್ ಡಿ5100 ಇದೆ. ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು ತೆಗೆಯಬೇಕೆಂದು 70-300 ಎಎಫ್-ಪಿ ಲೆನ್ಸ್ ಆನ್‌ಲೈನಿನಲ್ಲಿ ತರಿಸಿದೆ. ಹಾಕಿದರೆ ಫೋಕಸ್ಸೇ ಆಗುತ್ತಿಲ್ಲ. ಕೈಯಿಂದ ತಿರುಗಿಸಿದರೂ ಆಗುತ್ತಿಲ್ಲ. ಲೆನ್ಸ್ ಕೆಟ್ಟಿದೆಯೇ, ಕ್ಯಾಮೆರಾ ಕೆಟ್ಟಿದೆಯೇ? — ಲಕ್ಷ್ಮೇಶ್ವರ

ಎರಡೂ ಕೆಟ್ಟಿಲ್ಲ. ಅವೆರಡಕ್ಕೂ ಭಾಷೆ ಕೂಡಿಬರುವುದಿಲ್ಲ. ಎಎಫ್-ಪಿ ಲೆನ್ಸಿನ ಒಳಗಿರುವ ಸ್ಟೆಪಿಂಗ್ ಮೋಟಾರನ್ನು ನಡೆಸುವುದು ಡಿ5100ಗೆ ಗೊತ್ತಿಲ್ಲ, ಡಿ3100, ಡಿ90ಗಳಿಗೂ ಗೊತ್ತಿಲ್ಲ. ಕೈಯಿಂದ ತಿರುಗಿಸುವ ಬಳೆಯೂ ನೇರವಾಗಿ ಗಾಜಿಗೆ ಕೂಡಿಕೊಂಡಿಲ್ಲ, ಅದೂ ಆ ಮೋಟಾರಿನ ಮೂಲಕವೇ ಕೆಲಸ ಮಾಡಬೇಕು. ಅದಕ್ಕೇ ಎರಡೂ ನಿಂತಿವೆ. ವಾಪಸ್ ಕಳಿಸುವ ಗಡುವು ಮುಗಿಯುವ ಮೊದಲು ಕಳಿಸಿಬಿಡಿ, ನಾಳೆ ಅನ್ನಬೇಡಿ.

ನಿಮ್ಮ ಕ್ಯಾಮೆರಾಕ್ಕೆ ಬೇಕಾದದ್ದು 'ಎಎಫ್-ಎಸ್' ಅಂತ ಬರೆದಿರುವ ಲೆನ್ಸ್. ಎಎಫ್-ಎಸ್ 55-300 ವಿಆರ್ (ಕೈನಡುಕ ತಡೆಯುವ ವ್ಯವಸ್ಥೆಗೆ ನಿಕಾನ್ ಇಟ್ಟ ಹೆಸರು ವಿಆರ್) ಹಗುರ, 530 ಗ್ರಾಂ, ಫೋಕಸ್ ಕೊಂಚ ಸೋಮಾರಿ. 2006ರಲ್ಲಿ ಬಂದ ಎಎಫ್-ಎಸ್ 70-300 ವಿಆರ್ 745 ಗ್ರಾಂ ತೂಗುತ್ತದೆ, ಆದರೆ ಫೋಕಸ್ ಚುರುಕು. ಹಾರುವ ಹೆಬ್ಬಾತಿಗೆ ನಾನು ಎರಡನೆಯದನ್ನೇ ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದೆ. ಇನ್ನೊಂದು 70-300 ಇದೆ, ಬಹಳ ಅಗ್ಗ. ಅದರ ಹೆಸರಿನಲ್ಲಿ ಎಎಫ್ ಅಂತಷ್ಟೇ ಇರುತ್ತದೆ, ಮುಂದೆ ಎಸ್ ಇರುವುದಿಲ್ಲ. ಅದರಲ್ಲಿ ಮೋಟಾರೇ ಇಲ್ಲ, ಡಿ5100ರ ಮೈಯಲ್ಲೂ ಮೋಟಾರಿಲ್ಲ. ಅಗ್ಗ ಅಂತ ಅದಕ್ಕೆ ಕೈ ಹಾಕಬೇಡಿ. ವಿಆರ್ ಅನ್ನುವ ಎರಡು ಅಕ್ಷರ ಇದೆಯೋ ಇಲ್ಲವೋ ಅನ್ನುವುದನ್ನೂ ಡಬ್ಬಿಯ ಮೇಲಲ್ಲ, ಲೆನ್ಸಿನ ಮೈಮೇಲೆಯೇ ಓದಿ ನೋಡಿ.

ಮಾಗಡಿ ಕೆರೆಯ ಬಗ್ಗೆ ಒಂದು ಮಾತು. ಮಧ್ಯಾಹ್ನ ಹೋದರೆ ಯಾವ ಲೆನ್ಸೂ ನಿಮ್ಮನ್ನು ಕಾಪಾಡುವುದಿಲ್ಲ. ಬಿಸಿಲಿಗೆ ನೆಲ ಕಾದು ಗಾಳಿ ನಡುಗುತ್ತಿರುತ್ತದೆ, ನೂರು ಮೀಟರ್ ಆಚೆಯ ಹೆಬ್ಬಾತಿನ ತಲೆಯ ಎರಡು ಕಪ್ಪು ಪಟ್ಟೆ ನೀರಲ್ಲಿ ಕದಡಿದಂತೆ ಕಾಣುತ್ತವೆ. ಜನ ಅದನ್ನು ಲೆನ್ಸಿನ ದೋಷ ಅಂದುಕೊಂಡು ಲೆನ್ಸ್ ಮಾರಿಬಿಡುತ್ತಾರೆ. ಸೂರ್ಯ ಹುಟ್ಟುವ ಮೊದಲೇ ದಂಡೆಯಲ್ಲಿರಿ. ಹೊಲಗಳಲ್ಲಿ ಮೇದು ಗುಂಪು ಗುಂಪಾಗಿ ಕೆರೆಗೆ ಇಳಿಯುವಾಗ ಅವು ತಲೆಯ ಮೇಲೇ ಬರುತ್ತವೆ. ಹಿಮಾಲಯ ದಾಟಿ ಬಂದ ಹಕ್ಕಿ ನಿಮ್ಮ ಶಿರಹಟ್ಟಿ ತಾಲ್ಲೂಕಿನ ಕೆರೆಯಲ್ಲಿ ಕಾಲೂರುವ ಆ ಗಳಿಗೆ ನೋಡಲು 300 ಎಂಎಂ ಧಾರಾಳ ಸಾಕು.

ಪ್ರಶ್ನೆ: ಯಕ್ಷಗಾನ ಮತ್ತು ಕಂಬಳ ಎರಡಕ್ಕೂ ಆಗುವ ಒಂದು ಅಗ್ಗದ ಜೂಮ್ ಹೇಳಿ. — ಕುಂದಾಪುರ

ಎರಡಕ್ಕೂ ಆಗುವ ಅಗ್ಗದ ಜೂಮ್ ಇಲ್ಲ. ಬೇಸರ ಬೇಡ, ಎರಡು ಅಗ್ಗದ ಲೆನ್ಸು ಸೇರಿ ಒಂದು ದುಬಾರಿ ಲೆನ್ಸಿಗಿಂತ ಕಡಿಮೆಗೇ ಬರುತ್ತವೆ.

ಬಯಲಾಟದ ರಂಗಸ್ಥಳದಲ್ಲಿ ಬೆಳಕು ನಿಮ್ಮ ಕಣ್ಣಿಗೆ ಝಗಝಗ ಅನ್ನಿಸಿದರೂ ಕ್ಯಾಮೆರಾಕ್ಕೆ ಅದು ಕತ್ತಲೆಯೇ. ವೇಷ ದಿಗಿಣ ಹಾಕುವಾಗ, ಅಂದರೆ ಹಾರಿ ಸುತ್ತುವಾಗ, ಕಾಲು ನೆಲ ಬಿಟ್ಟದ್ದು ಸ್ಪಷ್ಟವಾಗಿ ಬರಬೇಕಾದರೆ ಶಟರ್ 1/500 ಬೇಕು. ಅಗ್ಗದ ಜೂಮು ಎಳೆದ ಮೇಲೆ ಎಫ್ 5.6. ಈ ಎಫ್ ಅಂಕಿ ಸಣ್ಣದಾದಷ್ಟೂ ಬೆಳಕು ಹೆಚ್ಚು. ಅದರ ಬದಲು 85 ಎಂಎಂ ಎಫ್ 1.8 ಲೆನ್ಸ್ ಹಾಕಿದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 1600ರಲ್ಲಿ ಆಗುವ ಚಿತ್ರಕ್ಕೆ ಜೂಮಿನಲ್ಲಿ 16000 ಇಡಬೇಕು, ಆಗ ಮುಖವರ್ಣಿಕೆಯ ಮೇಲೆಲ್ಲ ರವೆ ಚೆಲ್ಲಿದಂತೆ. ಕಣ್ಣ ಕೆಳಗೆ ಇಡುವ ಬಿಳಿ ಚುಕ್ಕಿಗಳ, ಅಂದರೆ ಚಿಟ್ಟಿಯ, ಮುಳ್ಳು ಮುಳ್ಳು ಬಿಡಿಯಾಗಿ ಕಾಣದಿದ್ದರೆ ಬಣ್ಣದ ವೇಷ ತೆಗೆದು ಏನು ಸುಖ? ಕ್ಯಾನನ್, ನಿಕಾನ್, ಸೋನಿ ಮೂವರಲ್ಲೂ 85 ಎಫ್ 1.8 ಇದೆ. ಅದಕ್ಕೂ ದುಡ್ಡು ಸಾಲದಿದ್ದರೆ 50 ಎಫ್ 1.8 ಕೊಂಡು, ವೇಷ ಕಟ್ಟುವ ಚೌಕಿಗೆ ಹೋಗಿ, ಕಲಾವಿದರ ಒಪ್ಪಿಗೆ ಕೇಳಿ, ಬಣ್ಣ ಹಚ್ಚಿಕೊಳ್ಳುವುದನ್ನು ತೆಗೆಯಿರಿ. ನನ್ನ ಕಣ್ಣಿಗೆ ಆಟಕ್ಕಿಂತ ಚೌಕಿಯ ಚಿತ್ರವೇ ಹೆಚ್ಚು ಹಿಡಿಸುತ್ತದೆ. ಎಲ್‌ಇಡಿ ದೀಪದಡಿ ಚಿತ್ರದಲ್ಲಿ ಅಡ್ಡಡ್ಡ ಪಟ್ಟೆ ಬಂದರೆ ಹೆದರಬೇಡಿ, ಶಟರನ್ನು 1/100ಕ್ಕೋ 1/50ಕ್ಕೋ ಇಳಿಸಿ ನಿಂತ ಭಂಗಿಗಳನ್ನು ಹಿಡಿಯಿರಿ. ಫ್ಲಾಶ್ ಮಾತ್ರ ಖಂಡಿತ ಬೇಡ, ಕುಣಿಯುವವರ ಕಣ್ಣಿಗೆ ಹೊಡೆಯುತ್ತದೆ.

ಕಂಬಳಕ್ಕೆ ನೀವು ಕೇಳಿದ ಅಗ್ಗದ ಜೂಮ್ ಹೇಳಿ ಮಾಡಿಸಿದ್ದು. ಹಗಲಿನ ಓಟಕ್ಕೆ 55-250 ಅಥವಾ 70-300, ಶಟರ್ 1/1250, ಫೋಕಸ್ ನಿರಂತರ ಮೋಡ್. ಕರೆಯ, ಅಂದರೆ ಓಟದ ಗದ್ದೆಯ, ಬದಿಯಲ್ಲಿ ನಿಂತರೆ ಕೋಣ ಪಕ್ಕದಿಂದ ಹಾದು ಹೋಗುತ್ತದೆ, ಚಿತ್ರ ಸಪ್ಪೆ. ಓಟ ಮುಗಿಯುವ ಮಂಜೊಟ್ಟಿಯ ಕಡೆ, ಸಂಘಟಕರು ಬಿಟ್ಟ ಜಾಗದಲ್ಲಿ, ಎದುರಿನಿಂದ ನಿಲ್ಲಿ. ಕೋಣ ಎಳೆಯುವ ಹಲಗೆಯ ಮೇಲೆ ನಿಂತು ಓಡಿಸುವ ಕನೆಹಲಗೆಯ ಓಟ ಬಂದಾಗ ಮಾತ್ರ ಜಾಗ ಬದಲಿಸಿ: ಅಲ್ಲಿ ಲೆಕ್ಕ ನೀರು ಎಷ್ಟೆತ್ತರ ಚಿಮ್ಮಿ ಮೇಲೆ ಕಟ್ಟಿದ ಬಟ್ಟೆಯನ್ನು, ಅಂದರೆ ನಿಶಾನೆಯನ್ನು, ಮುಟ್ಟಿತು ಅನ್ನುವುದು. ಓಡಿಸುವವನು, ಕೋಣ, ಮೇಲಿನ ಬಟ್ಟೆ, ನಡುವಿನ ನೀರು ಎಲ್ಲ ಒಟ್ಟಿಗೆ ಬೇಕು, ಹಾಗಾಗಿ ಜೂಮನ್ನು ಹಿಂದಕ್ಕೆ ತನ್ನಿ. ಲೆನ್ಸ್ ಹುಡ್ ಹಾಕಿಕೊಳ್ಳಿ, ಕೆಸರು ನೀರು ಮೊದಲು ಅದಕ್ಕೆ ಬೀಳಲಿ.

ಪ್ರಶ್ನೆ: ಇಂಜಿನಿಯರಿಂಗ್ ಕೊನೆಯ ವರ್ಷ. ಹೆಸರಘಟ್ಟದ ಹುಲ್ಲುಗಾವಲಿಗೆ ಪ್ರತಿ ಭಾನುವಾರ ಹೋಗುತ್ತೇನೆ. 70-300 ಸಾಲುತ್ತಿಲ್ಲ. ಕಂತಿನಲ್ಲಿ 150-600 ಕೊಳ್ಳಬಹುದೇ? ಅದಕ್ಕೆ ಯಾಕೆ ಅಷ್ಟು ಬೆಲೆ? — ಬೆಂಗಳೂರು

ಮೊದಲು ಬೆಲೆಯ ವಿಷಯ. ಎಫ್ ಸಂಖ್ಯೆ ಅಂದರೆ ಎಂಎಂ ಅನ್ನು ಬೆಳಕು ಒಳಬರುವ ದ್ವಾರದ ವ್ಯಾಸದಿಂದ ಭಾಗಿಸಿದ್ದು. 300ರಲ್ಲಿ ಎಫ್ 5.6 ಬೇಕಾದರೆ ದ್ವಾರ 54 ಎಂಎಂ ಇದ್ದರಾಯಿತು. 600ರಲ್ಲಿ ಎಫ್ 6.3 ಬೇಕಾದರೆ 95 ಎಂಎಂ ಬೇಕು. ಸಿಗ್ಮಾ 150-600 ಕಂಟೆಂಪರರಿ ನೋಡಿ, ಟ್ಯಾಮ್ರಾನ್ 150-600 ನೋಡಿ, ಎರಡರ ಫಿಲ್ಟರ್ ಅಳತೆಯೂ 95 ಎಂಎಂ. ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದೆ ಉಜ್ಜಿ ತೆಗೆಯುವುದಕ್ಕೇ ದುಡ್ಡು. ಅದರ ತೂಕವೂ ಅಲ್ಲೇ ಕೂತಿದೆ. ಸಿಗ್ಮಾ 1.93 ಕಿಲೊ, ಟ್ಯಾಮ್ರಾನ್‌ನ ಎರಡನೇ ಮಾದರಿ 2 ಕಿಲೊ, ನಿಕಾನ್‌ನ 200-500 ಎಫ್ 5.6 ಅಂತೂ 2.3 ಕಿಲೊ. ಸಿಗ್ಮಾ ಎತ್ತಿಕೊಂಡರೂ ನಿಮ್ಮ ಈಗಿನ ಲೆನ್ಸಿಗಿಂತ ಬಹಳ ಭಾರ.

ಕಂತು ಬೇಡ, ಮೊದಲು ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಕೊಡುವವರು ಬೇಕಾದಷ್ಟಿದ್ದಾರೆ. ಶನಿವಾರ ಸಂಜೆ ತಂದು ಭಾನುವಾರ ಪೂರ್ತಿ ಹೆಗಲಿಗೆ ಹಾಕಿಕೊಂಡು ಹುಲ್ಲಿನಲ್ಲಿ ನಡೆಯಿರಿ. ಎಡಗೈಯಲ್ಲಿ ಎತ್ತಿ ಹಿಡಿದು, ದೂರದಲ್ಲಿ ತೇಲುವ ಸೆಳೆವ ಹಕ್ಕಿಯನ್ನು ಎರಡು ನಿಮಿಷ ಬಿಡದೆ ಹಿಂಬಾಲಿಸಿ. ತೋಳು ನಡುಗದೆ ಉಳಿಯಿತೇ ನೋಡಿ. ಹೀಗೆ ಎರಡು ಮೂರು ಭಾನುವಾರ ಮಾಡಿ, ಆಮೇಲೂ ಬೇಕೆನ್ನಿಸಿದರೆ ಅದು ನಿಮ್ಮ ಲೆನ್ಸು. ನಾನು ಸಾಗರದಲ್ಲಿ ಸ್ಟುಡಿಯೊ ನಡೆಸಿದ ಇಷ್ಟು ವರ್ಷಗಳಲ್ಲಿ ಕಪಾಟಿನಲ್ಲಿ ಕೂತು ಕೊಳೆತ ದೊಡ್ಡ ಲೆನ್ಸುಗಳನ್ನು ಕಂಡಷ್ಟು, ಬಳಸಿ ಸವೆದ ದೊಡ್ಡ ಲೆನ್ಸುಗಳನ್ನು ಕಂಡಿಲ್ಲ. ಅದು ನೋಡಿ ನಿಜವಾಗಿ ಸಂಕಟವಾಗುತ್ತದೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಪರೀಕ್ಷೆ ಹೀಗೆ ಮಾಡಿ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕಿ ನಾಲ್ಕಾರು ಇದ್ದರೆ ಚಿಂತೆಯಿಲ್ಲ. ಜೇಡರ ಎಳೆಯಂಥದ್ದು ಅಂಚಿನಿಂದ ಒಳಕ್ಕೆ ಹಬ್ಬಿದ್ದರೆ ಅದು ಬೂಸಲು, ಬಿಟ್ಟು ಬನ್ನಿ, ಎಷ್ಟೇ ಅಗ್ಗವಾದರೂ. ಲೆನ್ಸನ್ನು ಕೆಳಮುಖ ಮಾಡಿ ಹಿಡಿದಾಗ ತಾನಾಗಿ ಜಾರಿ ಉದ್ದವಾಗುತ್ತದೆಯೇ ನೋಡಿ. ಆಮೇಲೆ ದಿನಪತ್ರಿಕೆಯ ಒಂದು ಹಾಳೆಯನ್ನು ಗೋಡೆಗೆ ನೆಟ್ಟಗೆ ಅಂಟಿಸಿ, ಅಕ್ಷರ ಚೌಕಟ್ಟು ತುಂಬುವಷ್ಟು ದೂರದಲ್ಲಿ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಜೂಮಿನ ತುದಿಯಲ್ಲಿ ಒಂದು ಚಿತ್ರ ದ್ವಾರ ಪೂರ್ತಿ ತೆರೆದು, ಒಂದು ಎಫ್ 8ರಲ್ಲಿ ತೆಗೆಯಿರಿ. ನಾಲ್ಕು ಮೂಲೆಗಳಲ್ಲಿ ಒತ್ತಕ್ಷರಗಳನ್ನು ಓದಿ. ಕನ್ನಡ ಪತ್ರಿಕೆಗಿಂತ ಒಳ್ಳೆಯ ಪರೀಕ್ಷಾ ಹಾಳೆ ಇಲ್ಲ: ದೊಡ್ಡ ಅಕ್ಷರ ಎಲ್ಲ ಲೆನ್ಸಿನಲ್ಲೂ ಓದಬರುತ್ತದೆ, ಅದರ ಕೆಳಗೆ ನೇತುಬಿದ್ದ ರವೊತ್ತು, ತವೊತ್ತು ಬಿಡಿಬಿಡಿಯಾಗಿ ಕಂಡರೆ ಮಾತ್ರ ಲೆನ್ಸು ಹರಿತ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಆ ಲೆನ್ಸು ಯಾವಾಗಲೋ ಕೆಳಗೆ ಬಿದ್ದಿರುವ ಸಂಭವ ಹೆಚ್ಚು.

ಪ್ರಶ್ನೆ: ಎಪ್ಪತ್ತೊಂದು ವರ್ಷ. ಹೆಗಲು ನೋವಿದೆ. ಮಗ ಡಿಎಸ್‌ಎಲ್‌ಆರ್ ಮತ್ತು ದೊಡ್ಡ ಜೂಮ್ ಕೊಡಿಸುತ್ತೇನೆ ಅನ್ನುತ್ತಾನೆ. ನನಗೆ ನಿಕಾನ್ ಪಿ950 ಸಾಕೆನ್ನಿಸುತ್ತದೆ. — ದಾಂಡೇಲಿ

ನಿಮಗೆ ಅನ್ನಿಸಿದ್ದೇ ಸರಿ. ಪಿ950ಗೆ ಲೆನ್ಸು ಮೈಗೇ ಕೂಡಿಕೊಂಡು ಬರುತ್ತದೆ, ಒಟ್ಟು ಒಂದು ಕಿಲೊ, ಅದರಲ್ಲೇ 24ರಿಂದ 2000 ಎಂಎಂಗೆ ಸಮನಾದ ವ್ಯಾಪ್ತಿ. ಮಗನಿಗೆ ಒಂದು ಮಾತು ನಿಜ ಹೇಳಿಬಿಡಿ: ಅದರ ಸೆನ್ಸರ್ ಬಹಳ ಸಣ್ಣದು, ಸಾಮಾನ್ಯ ಡಿಎಸ್‌ಎಲ್‌ಆರ್ ಸೆನ್ಸರಿನ ವಿಸ್ತೀರ್ಣ ಅದರ ಹದಿಮೂರು ಪಟ್ಟು. ಕಾಡಿನ ನೆರಳಲ್ಲಿ, ಮೋಡದ ದಿನ, ಚಿತ್ರ ಕಲಸಿದಂತಾಗುತ್ತದೆ. ಆದರೆ ನಿಮ್ಮೂರಿನ ಮಂಗಟ್ಟೆ ಬಿಸಿಲು ಬಿದ್ದ ಆಲದ ಹಣ್ಣಿಗೆ ಬಂದು ಕೂತಾಗ, ಅಂಗಳದ ಕುರ್ಚಿಯಿಂದಲೇ ಅದರ ಕೊಕ್ಕಿನ ಮೇಲಿನ ಕಪ್ಪು ಗುರುತು ಎಣಿಸಬಹುದು. ಒಂದು ಮೋನೊಪಾಡ್ (ಒಂಟಿಕಾಲಿನ ಸ್ಟ್ಯಾಂಡ್) ಜತೆಗಿಟ್ಟುಕೊಳ್ಳಿ, ಹೆಗಲಿಗೆ ಭಾರ ಇಳಿಯುತ್ತದೆ.

ಪ್ರಶ್ನೆ: ಹೊಸದಾಗಿ ಕ್ಯಾನನ್ ಆರ್50 ಕೊಂಡೆ. ಹಳೆಯ 55-250 ಎಸ್‌ಟಿಎಂ ಮಾರಿ ಆರ್‌ಎಫ್ 100-400 ಕೊಳ್ಳಬೇಕೇ? — ದಾವಣಗೆರೆ

ಮಾರಬೇಡಿ. ಕ್ಯಾನನ್‌ನ ಇಎಫ್-ಇಓಎಸ್ ಆರ್ ಅಡಾಪ್ಟರ್ ಹಾಕಿದರೆ ಹಳೆಯ ಲೆನ್ಸು ಆಟೊಫೋಕಸ್ ಸಮೇತ ನಡೆಯುತ್ತದೆ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಹೊಸ ಕ್ಯಾಮೆರಾದ ಗುಣವೂ ಅದಕ್ಕೆ ಸಿಗುತ್ತದೆ. ಒಂದು ಚಳಿಗಾಲ ಹೀಗೇ ಕಳೆಯಿರಿ. ಆಮೇಲೆ ದುಡ್ಡು ಕೂಡಿದರೆ 100-400 ಕೊಳ್ಳಿ. 635 ಗ್ರಾಂಗೆ 400 ಎಂಎಂ ಕೊಡುವ ಲೆನ್ಸು ನಾವು ಚಿಕ್ಕವರಿದ್ದಾಗ ಕನಸಿನಲ್ಲೂ ಇರಲಿಲ್ಲ. ತುದಿಯಲ್ಲಿ ಎಫ್ 8 ಅನ್ನುವುದು ಅದರ ಬೆಲೆ. ಬಯಲಿನ ನೀಲಕಂಠಕ್ಕೆ ಹಬ್ಬ, ಮಲೆನಾಡಿನ ಕಾಡಿನೊಳಗೆ ಕಷ್ಟ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸಿಗೆ ಬೂಸಲು ಬರುತ್ತದೆ. ಅಕ್ಕಿ ಡಬ್ಬಿಯಲ್ಲಿ ಇಡಬಹುದೇ? — ತೀರ್ಥಹಳ್ಳಿ

ಅಕ್ಕಿ ಬೇಡ. ಮಲೆನಾಡಿನ ಆಷಾಢದಲ್ಲಿ ಅಕ್ಕಿಯೇ ತಂಪು ಹೀರಿಕೊಂಡು ಕೂತಿರುತ್ತದೆ, ಅದರ ಹಿಟ್ಟು ಲೆನ್ಸಿನ ಸಂದಿಗೆ ಸೇರುತ್ತದೆ.

ನಾನು ಈ ಪಾಠ ಕಲಿತದ್ದು 1996ರಲ್ಲಿ. ಮದುವೆ ಕೆಲಸದ ದುಡ್ಡು ಕೂಡಿಸಿ ಒಂದು 70-210 ಕೊಂಡಿದ್ದೆ, ನನ್ನ ಮೊದಲ ಟೆಲಿಫೋಟೊ ಜೂಮ್. ಅದರ ಜತೆ ಚಂದದ ತೊಗಲಿನ ಚೀಲ ಬಂದಿತ್ತು. ಜೂನಿನಲ್ಲಿ ಮದುವೆಗಳು ನಿಂತವು, ಲೆನ್ಸನ್ನು ಆ ಚೀಲದಲ್ಲಿಟ್ಟು ಮರದ ಬೀರುವಿನಲ್ಲಿ, ಬಟ್ಟೆಗಳ ನಡುವೆ, ಜೋಪಾನ ಅಂದುಕೊಂಡು ಮುಚ್ಚಿಟ್ಟೆ. ದಸರೆಗೆ ತೆಗೆದರೆ ಚೀಲದ ಮೇಲೆ ಬೂದಿ ಬಣ್ಣದ ಪುಡಿ. ಒರೆಸಿ ಲೆನ್ಸ್ ಹಾಕಿ ನೋಡಿದೆ, ಎಲ್ಲ ಚಿತ್ರಕ್ಕೂ ಹಾಲಿನ ಪರದೆ ಎಳೆದಂತೆ. ಕಿಟಕಿಯ ಬೆಳಕಿಗೆ ಹಿಡಿದಾಗ ಮೂರನೇ ಗಾಜಿನ ಮೇಲೆ, ಅಂಚಿನಿಂದ ನಡುವಿಗೆ, ಬೆಳ್ಳಗೆ ಕೂದಲಿನಂಥ ಬೇರು ಕವಲು ಕವಲಾಗಿ ಬಿಟ್ಟಿತ್ತು. ರಿಪೇರಿಯವರು ಬಿಚ್ಚಿ ಒರೆಸಿದರು, ಎಳೆಗಳು ಹೋದವು, ಅವು ತಿಂದಿದ್ದ ಲೇಪನದ ಗುರುತು ಹೋಗಲಿಲ್ಲ. ಆ ಲೆನ್ಸು ಈಗಲೂ ಮೇಜಿನ ಮೇಲಿದೆ, ಸ್ಟುಡಿಯೊಗೆ ಕಲಿಯಲು ಬಂದ ಹುಡುಗರಿಗೆ ತೋರಿಸುತ್ತೇನೆ.

ತೊಗಲು, ಬಟ್ಟೆ, ಕತ್ತಲೆ, ತೇವ ಈ ನಾಲ್ಕೂ ಸೇರಿದರೆ ಬೂಸಲು ಬಂದೇ ಬರುತ್ತದೆ. ಹಪ್ಪಳ ತುಂಬಿಡುವಂಥ, ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತನ್ನಿ. ಒಳಗೆ ತೇವಾಂಶ ತೋರಿಸುವ ಚಿಕ್ಕ ಮಾಪಕ ಮತ್ತು ಬಟ್ಟೆಯಲ್ಲಿ ಕಟ್ಟಿದ ಸಿಲಿಕಾ ಜೆಲ್ ಇಡಿ. ಮಾಪಕ ಶೇಕಡಾ 40ರಿಂದ 50ರೊಳಗೆ ಇರಲಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ನೀರು ಕುಡಿದು ತುಂಬಿದೆ ಅಂತ. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ಮತ್ತೆ, ವಾರಕ್ಕೊಮ್ಮೆಯಾದರೂ ಲೆನ್ಸನ್ನು ಹೊರಗೆ ತೆಗೆದು ಬಳಸಿ. ಮಳೆ ಬಿಟ್ಟ ಗಳಿಗೆಯಲ್ಲಿ ಅಡಿಕೆ ತೋಟದ ಮಡಿವಾಳ ಹಕ್ಕಿಯಾದರೂ ಸಿಕ್ಕೀತು.

ಪ್ರಶ್ನೆ: 55-250ಕ್ಕೆ 2ಎಕ್ಸ್ ಕನ್ವರ್ಟರ್ ಹಾಕಿದರೆ 500 ಆಗುತ್ತದಲ್ಲ? ಯುವಿ ಫಿಲ್ಟರ್ ಬೇಕೇ? — ರಾಯಚೂರು

ಕನ್ವರ್ಟರ್ ಅಂದರೆ ಕ್ಯಾಮೆರಾ, ಲೆನ್ಸುಗಳ ನಡುವೆ ಕೂರುವ ಹೆಚ್ಚುವರಿ ಗಾಜು, ಲೆಕ್ಕಕ್ಕೆ 500 ಆಗುತ್ತದೆ. ಎಫ್ 5.6 ಹೋಗಿ ಎಫ್ 11 ಆಗುತ್ತದೆ, ಡಿಎಸ್‌ಎಲ್‌ಆರ್ ಫೋಕಸ್ ಕೈಬಿಡುತ್ತದೆ, ಕ್ಯಾನನ್‌ನ ಸ್ವಂತ ಕನ್ವರ್ಟರ್ ಈ ಲೆನ್ಸಿಗೆ ಕೂರುವುದೂ ಇಲ್ಲ. ಬೇಡ. ಫಿಲ್ಟರ್ ವಿಷಯ: ಟೆಲಿಫೋಟೊ ಮುಂದೆ ಅಗ್ಗದ ಯುವಿ ಗಾಜು ಹಾಕಿದರೆ ಗರಿಯ ಅಂಚು ಎರಡೆರಡಾಗಿ ಕಾಣಬಹುದು. ಲೆನ್ಸು ಹರಿತವಿಲ್ಲ ಅಂತ ಯಾರಾದರೂ ನನ್ನ ಹತ್ತಿರ ತಂದರೆ ಮೊದಲು ಆ ಗಾಜನ್ನು ಬಿಚ್ಚಿಸುತ್ತೇನೆ, ಎಷ್ಟೋ ಸಲ ಅಲ್ಲಿಗೇ ಕಾಯಿಲೆ ವಾಸಿ. ರಕ್ಷಣೆಗೆ ಹುಡ್ ಸಾಕು.

ಪ್ರಶ್ನೆ: ನಾನು ಏಳನೇ ತರಗತಿ. ನಮ್ಮ ಮನೆ ಜಗಲಿಯ ತಂತಿಗೆ ಸೂರಕ್ಕಿ ಗೂಡು ಕಟ್ಟಿದೆ. ಅಪ್ಪನ ನಿಕಾನ್ ಕ್ಯಾಮೆರಾದಲ್ಲಿ 70-300 ಇದೆ. ಎಷ್ಟು ಹತ್ತಿರ ಹೋಗಿ ತೆಗೆಯಬಹುದು? — ಶಿರಸಿ

ಹತ್ತಿರ ಹೋಗಲೇಬೇಡ ಪುಟ್ಟಿ, ಹೋಗುವ ಅಗತ್ಯವೂ ಇಲ್ಲ. ಮೇಲಿನ ಲೆಕ್ಕ ನೀನೇ ಮಾಡು. ಅಪ್ಪನ ಕ್ಯಾಮೆರಾದ ಸೆನ್ಸರ್ ಅಗಲ 23.5 ಅಂತ ಹಿಡಿ. ಮನೆಯೊಳಗೆ ಕಿಟಕಿಯ ಹಿಂದೆ, ಗೂಡಿನಿಂದ ನಾಲ್ಕು ಮೀಟರ್ ದೂರದಲ್ಲಿ ಕೂತರೆ 300ರಲ್ಲಿ 31 ಸೆಂಟಿಮೀಟರ್ ಹಿಡಿಯುತ್ತದೆ, ನಿನ್ನ ಶಾಲೆಯ ಸ್ಕೇಲಿನಷ್ಟು. ಸೂರಕ್ಕಿ ಹತ್ತು ಸೆಂಟಿಮೀಟರ್. ಗೂಡು, ಹಕ್ಕಿ, ಜೇಡರ ಬಲೆಯಲ್ಲಿ ಅಂಟಿಸಿದ ತೊಗಟೆಯ ಚೂರು ಎಲ್ಲ ಬರುತ್ತದೆ. ದೀಪ ಹಾಕಬೇಡ, ಫ್ಲಾಶ್ ಬೇಡ, ಅಡ್ಡ ಬಂತು ಅಂತ ಎಲೆ ಕೀಳಬೇಡ. ನೀನು ಕೂತ ಮೇಲೆ ಹತ್ತು ನಿಮಿಷವಾದರೂ ತಾಯಿ ಗೂಡಿಗೆ ಬರದಿದ್ದರೆ ಎದ್ದು ಕಿಟಕಿಯಿಂದ ದೂರ ಹೋಗಿಬಿಡು, ಅದು ನಿನಗೆ ಹೆದರಿ ಹೊರಗೇ ಕಾಯುತ್ತಿರುತ್ತದೆ. ಮರಿ ಮೊಟ್ಟೆಯೊಡೆದು ಎರಡು ವಾರ ದಾಟುವಷ್ಟರಲ್ಲಿ ಗೂಡಿನ ಬಾಯಿಗೆ ಬಂದು ಇಣುಕುತ್ತದೆ. ಆ ದಿನ ತೆಗೆದ ಚಿತ್ರವನ್ನು ನನಗೆ ಕಳಿಸು, ಮುಂದಿನ ಸಂಚಿಕೆಯಲ್ಲಿ ಹಾಕೋಣ.